ತೆರೆಯ ಊರು, ನೆಲದ ಊರು

ಜಪಾನೀ ಭಾಷೆಯಲ್ಲಿ ‘ಸೇಯ್ಚಿ ಜುನ್‌ರೇಯ್’ ಎಂಬ ಮಾತೊಂದಿದೆ. ಪುಣ್ಯಕ್ಷೇತ್ರಗಳ ಯಾತ್ರೆ ಎಂದು ಅದರ ಅರ್ಥ. ದೇವಾಲಯದಿಂದ ದೇವಾಲಯಕ್ಕೆ ನಡೆಯುವ ಯಾತ್ರಿಕರಿಗೆ ಸಲ್ಲುತ್ತಿದ್ದ ಈ ಮಾತು ಈಚಿನ ದಶಕಗಳಲ್ಲಿ ಇನ್ನೊಂದು ಬಗೆಯ ಯಾತ್ರಿಕರಿಗೂ ಅಂಟಿಕೊಂಡಿದೆ. ತಾವು ಮೆಚ್ಚಿದ ಚಲನಚಿತ್ರದಲ್ಲಿ ಕಂಡ ಬೀದಿಯನ್ನೋ ಮೆಟ್ಟಿಲನ್ನೋ ರೈಲುನಿಲ್ದಾಣವನ್ನೋ ಹುಡುಕಿಕೊಂಡು ಹೋಗುವವರನ್ನೂ ಅಲ್ಲಿಯ ಜನ ಈಗ ಇದೇ ಹೆಸರಿನಿಂದ ಕರೆಯುತ್ತಾರೆ.

ನಮಗೂ ಈ ಆಸೆ ಅಪರಿಚಿತವಲ್ಲ. ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಆಗುಂಬೆಯ ದೊಡ್ಡಮನೆಯನ್ನು ನೋಡಲೆಂದೇ ಘಟ್ಟ ಹತ್ತುವವರಿದ್ದಾರೆ. ನಮ್ಮ ಬೇಕಲ ಕೋಟೆಗೆ ‘ಬಾಂಬೆ’ ಚಿತ್ರದ ಹಾಡಿನ ನೆನಪಿನಿಂದ ಬರುವವರು ಇಂದಿಗೂ ಉಂಟು. ಕೋಟೆಯನ್ನು ಕಟ್ಟಿಸಿದ ಇಕ್ಕೇರಿಯ ಅರಸರ ಹೆಸರನ್ನು ಕೇಳದವರಿಗೂ ಆ ಹಾಡು ಗೊತ್ತು. ಅದರಲ್ಲಿ ತಪ್ಪೇನೂ ಇಲ್ಲ. ಹಾಡು ಕರೆತಂದಿತು, ಕೋಟೆ ಕಂಡಿತು. ಆದರೆ ಬಂದವರು ಹಾಡಿನ ಗೋಡೆಯನ್ನಷ್ಟೇ ನೋಡಿ, ಅದೇ ಕೋನದಿಂದ ಫೋಟೊ ತೆಗೆದು ಮರಳಿದರೆ, ಮನೆಯಲ್ಲೇ ಕುಳಿತು ನೋಡಬಹುದಾಗಿದ್ದುದನ್ನು ಅಷ್ಟು ದೂರ ಬಂದು ನೋಡಿದಂತಾಯಿತು.

ನಮ್ಮ ವೃತ್ತಿಯಲ್ಲಿ ಇದಕ್ಕೆ ಹತ್ತಿರವಾದ ಒಂದು ಕೆಲಸವಿದೆ. ಗಡಿ ತಕರಾರಿನ ವ್ಯಾಜ್ಯಗಳಲ್ಲಿ ನ್ಯಾಯಾಲಯವು ಒಬ್ಬ ವಕೀಲರನ್ನು ಕಮಿಷನರ್ ಆಗಿ ನೇಮಿಸಿ ಜಾಗಕ್ಕೆ ಕಳುಹಿಸುತ್ತದೆ. ಎರಡೂ ಕಡೆಯ ಹೇಳಿಕೆಗಳು ಅವರ ಕೈಯಲ್ಲಿರುತ್ತವೆ. ಆದರೆ ಅವರು ವರದಿಯಲ್ಲಿ ಬರೆಯಬೇಕಾದುದು ಕಣ್ಣಾರೆ ಕಂಡುದನ್ನು: ಬೇಲಿ ಎಲ್ಲಿದೆ, ಮರ ಎಷ್ಟು ಹಳೆಯದು, ನೀರು ಯಾವ ಕಡೆಗೆ ಹರಿಯುತ್ತದೆ, ಮನೆಯಲ್ಲಿ ಈಗ ವಾಸವಿರುವವರು ಯಾರು. ಚಲನಚಿತ್ರವೂ ಒಂದು ಹೇಳಿಕೆಯೇ. ಸೊಗಸಾದ, ನಂಬಿಸುವಂಥ ಹೇಳಿಕೆ. ಆದರೂ ಒಂದು ಕಡೆಯಿಂದ ಬಂದದ್ದು. ಆ ಹೇಳಿಕೆಯನ್ನು ಓದಿಕೊಂಡು ಹೋಗಿ, ಜಾಗವನ್ನು ಜಾಗವಾಗಿ ನೋಡಿ ಬರುವುದು ಸಾಧ್ಯವಾದರೆ ಯಾತ್ರೆ ಸಾರ್ಥಕ. ಬರುವ ಬೇಸಿಗೆ ರಜೆಗಾಗಿ ನಮ್ಮ ಮನೆಯಲ್ಲಿ ಜಪಾನಿಗೊಂದು ಚಿತ್ರಯಾತ್ರೆಯ ಯೋಜನೆ ಸಿದ್ಧವಾಗುತ್ತಿದೆ. ಪ್ರಯಾಣ ಇನ್ನೂ ಮುಂದಿದೆ. ಸಿದ್ಧತೆಯೇ ಇಷ್ಟು ಕಲಿಸಿರುವುದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಚಿತ್ರ, ಆಮೇಲೆ ನಕ್ಷೆ

ಇಂಥ ಯಾತ್ರೆಯ ಮೊದಲ ನಿಯಮ ಮಿತಿ. ಜಪಾನಿನಲ್ಲಿ ಚಿತ್ರೀಕರಣವಾದ ಪ್ರಸಿದ್ಧ ಚಿತ್ರಗಳ ಪಟ್ಟಿಗೆ ಕೊನೆಯಿಲ್ಲ. ಆರೇಳು ಚಿತ್ರಗಳನ್ನು ಆರಿಸಿಕೊಂಡು, ಮನೆಮಂದಿಯೆಲ್ಲ ಕೂಡಿ ನೋಡಿ, ಅವುಗಳಿಗೆ ಸೇರಿದ ಊರುಗಳನ್ನಷ್ಟೇ ನಕ್ಷೆಯಲ್ಲಿ ಗುರುತಿಸುವುದು ಒಳ್ಳೆಯದು. ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ ಕೇಳಬೇಕೆಂದು ಮಕ್ಕಳಿಗೆ ಹೇಳಿದ್ದೇನೆ. ಕ್ಯಾಮೆರಾ ಇದ್ದದ್ದು ಎಲ್ಲಿ? ಅದರ ಮುಂದೆ ನಿಂತಿದ್ದದ್ದು ನಿಜವಾದ ಊರೋ, ಕಟ್ಟಿ ನಿಲ್ಲಿಸಿದ ಸೆಟ್ಟೋ? ಇಂದು ಅಲ್ಲಿ ಯಾರ ಬಾಳು ನಡೆಯುತ್ತಿದೆ?

ಎರಡನೆಯ ಪ್ರಶ್ನೆಯೊಂದೇ ಹಲವು ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ. ನಾಗಸಾಕಿ ಸೀಮೆಯ ಕ್ರೈಸ್ತರ ಕಥೆ ಹೇಳುವ ಮಾರ್ಟಿನ್ ಸ್ಕಾರ್ಸೆಸಿಯವರ ‘ಸೈಲೆನ್ಸ್’ (2016) ಚಿತ್ರೀಕರಣಗೊಂಡದ್ದು ತೈವಾನಿನಲ್ಲಿ. ‘ದ ಲಾಸ್ಟ್ ಸಮುರಾಯ್’ (2003) ಚಿತ್ರದ ಹಳ್ಳಿಯನ್ನು ಕಟ್ಟಿದ್ದು ನ್ಯೂಜಿಲೆಂಡಿನ ತರನಾಕಿಯಲ್ಲಿ. ‘ಮೆಮೊಯರ್ಸ್ ಆಫ್ ಎ ಗೇಶಾ’ (2005) ಚಿತ್ರದ ಕ್ಯೋಟೊ ಬಹುಪಾಲು ಕ್ಯಾಲಿಫೋರ್ನಿಯದ ಸೆಟ್ಟು. ಬಾಲಕಿಯೊಬ್ಬಳು ಕೆಂಪು ತೋರಣದ್ವಾರಗಳ ಸಾಲಿನಡಿ ಓಡುವ ದೃಶ್ಯ ಮಾತ್ರ ನಿಜವಾದ ಫುಶಿಮಿ ಇನಾರಿ ದೇವಾಲಯದ್ದು.

ಕಾಲದ ವಿಷಯ. ನಮ್ಮ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ರಜೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಸಾಲುಸಾಲು ರಜೆಗಳಿದ್ದು ದೇಶವೇ ರೈಲಿನಲ್ಲಿರುತ್ತದೆ. ಜೂನ್ ಬಂತೆಂದರೆ ನಮ್ಮಂತೆ ಅವರಿಗೂ ಮಳೆಗಾಲ. ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವ ಮಳೆಯಾದ್ದರಿಂದ ಅದನ್ನು ಬರೆಯುವಾಗ ‘ಪ್ಲಮ್’ ಮತ್ತು ‘ಮಳೆ’ ಎಂಬ ಎರಡು ಅಕ್ಷರಗಳನ್ನು ಜೋಡಿಸುತ್ತಾರೆ. ಆದ್ದರಿಂದ ಮೇ 10ರಿಂದ 25ರೊಳಗಿನ ಹತ್ತು ದಿನಗಳು ನಮಗೆ ಹೊಂದುತ್ತವೆ. ಟೋಕಿಯೋದಲ್ಲಿ ನಾಲ್ಕು ರಾತ್ರಿ, ಕ್ಯೋಟೊದಲ್ಲಿ ಮೂರು, ಒನೊಮಿಚಿಯಲ್ಲಿ ಎರಡು. ಮರಳುವ ವಿಮಾನ ಒಸಾಕಾದಿಂದ. ಇಳಿದ ಊರಿಗೇ ಹಿಂದಿರುಗಬೇಕೆಂಬ ಹಟ ಬಿಟ್ಟರೆ ಒಂದು ದಿನವೂ ಒಂದಷ್ಟು ಹಣವೂ ಉಳಿಯುತ್ತವೆ.

ರೈಲಿನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಪ್ರವಾಸಿಗರಿಗೆಂದೇ ಇರುವ ಏಳು ದಿನಗಳ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್ನಿನಿಂದ 50,000 ಯೆನ್ನಿಗೆ ಏರಿತು. ಟೋಕಿಯೋದಿಂದ ಕ್ಯೋಟೊಗೆ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ, ಸುಮಾರು 14,000 ಯೆನ್. ನಮ್ಮಂತೆ ಒಂದೇ ದಿಕ್ಕಿನಲ್ಲಿ ಸಾಗುವವರಿಗೆ ಬಿಡಿ ಟಿಕೇಟುಗಳೇ ಅಗ್ಗ. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ ದರ. ಸಸ್ಯಾಹಾರಿಗಳು ಒಂದನ್ನು ತಿಳಿದಿರಬೇಕು: ತರಕಾರಿಯ ಸಾರಿನಲ್ಲೂ ಒಣಮೀನಿನ ರಸ ಇರುವುದು ಅಲ್ಲಿ ಸಾಮಾನ್ಯ. ಬೌದ್ಧ ಮಠಗಳ ಸಂಪ್ರದಾಯದ ‘ಶೋಜಿನ್’ ಅಡುಗೆ ಮಾತ್ರ ಪೂರ್ಣ ಸಸ್ಯಾಹಾರ.

ಟೋಕಿಯೋ: ಒಂದು ದೈತ್ಯ, ಒಂದು ದೋಣಿ

ಮಕ್ಕಳ ಆಯ್ಕೆಯಿಂದ ಆರಂಭಿಸೋಣ. ‘ಗಾಡ್ಜಿಲ್ಲಾ’ ಮೊದಲ ಚಿತ್ರ ತೆರೆಕಂಡದ್ದು 1954ರ ನವೆಂಬರಿನಲ್ಲಿ. ಸಮುದ್ರದಿಂದೆದ್ದು ಬಂದ ದೈತ್ಯ ಪ್ರಾಣಿ ಗಿಂಜಾ ಬೀದಿಯ ಮೂಲೆಯಲ್ಲಿರುವ ಗಡಿಯಾರ ಗೋಪುರವನ್ನು ಕೆಡವುತ್ತದೆ. ಚಿತ್ರದಲ್ಲಿ ಉರುಳಿದ್ದು ಮಾದರಿ. 1932ರಲ್ಲಿ ಕಟ್ಟಿದ ನಿಜವಾದ ಕಟ್ಟಡ, ಈಗಿನ ವಾಕೊ ಮಳಿಗೆ, ಇಂದಿಗೂ ಆ ಮೂಲೆಯಲ್ಲೇ ನಿಂತು ಗಂಟೆ ತೋರಿಸುತ್ತಿದೆ. ಶಿಂಜುಕುವಿನ ಹೋಟೆಲೊಂದರ ಮಹಡಿಯಿಂದ ಗಾಡ್ಜಿಲ್ಲಾ ತಲೆಯೊಂದು ಇಣುಕುತ್ತದೆ. ಮಕ್ಕಳು ಅಲ್ಲಿ ಫೋಟೊ ತೆಗೆದುಕೊಳ್ಳಲಿ.

ಆದರೆ ಅದೇ ದಿನ ಇನ್ನೊಂದು ಜಾಗಕ್ಕೂ ಹೋಗುವುದೆಂದು ಯೋಜನೆಯಲ್ಲಿ ಬರೆದಿದ್ದೇವೆ. ನಗರದ ಪೂರ್ವಕ್ಕೆ ಯುಮೆನೊಶಿಮಾ ಎಂಬಲ್ಲಿ ಒಂದು ಹಳೆಯ ಮರದ ಮೀನುದೋಣಿಯನ್ನು ಕಟ್ಟಡದೊಳಗೆ ಕಾಪಾಡಿ ಇಟ್ಟಿದ್ದಾರೆ. ‘ದಾಯ್‌ಗೊ ಫುಕುರ್ಯು ಮಾರು’ ಎಂದು ಅದರ ಹೆಸರು. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿದಾಗ ದೂರದಲ್ಲಿ ಟ್ಯೂನಾ ಮೀನು ಹಿಡಿಯುತ್ತಿದ್ದ ಈ ದೋಣಿಯ ಮೇಲೆ ವಿಕಿರಣದ ಬಿಳಿಯ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ರೇಡಿಯೊ ನಿರ್ವಾಹಕ ಅಯ್ಕಿಚಿ ಕುಬೊಯಾಮ ಆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ತೆರೆಗೆ ಬಂದದ್ದು, ಜಲಜನಕ ಬಾಂಬಿನಿಂದ ಎಚ್ಚೆತ್ತ ದೈತ್ಯನ ಕಥೆ. ಆಟಿಕೆಯ ಅಂಗಡಿಗಳಲ್ಲಿ ಗಾಡ್ಜಿಲ್ಲಾವನ್ನು ಕೊಳ್ಳುವ ಮಕ್ಕಳು ಆ ದೋಣಿಯ ಪಕ್ಕದಲ್ಲೂ ಒಮ್ಮೆ ನಿಂತರೆ, ಅಂದಿನ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಏಕೆ ಅತ್ತಿರಬಹುದು ಎಂಬುದು ಅವರಿಗೆ ತಿಳಿದೀತು.

ಎರಡನೆಯ ಚಿತ್ರ ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ಅವರ ‘ಪರ್ಫೆಕ್ಟ್ ಡೇಸ್’ (2023). ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮ ಎಂಬ ಮಿತಭಾಷಿಯ ದಿನಚರಿ ಇದರ ಕಥೆ. ಆ ಪಾತ್ರ ವಹಿಸಿದ ಕೋಜಿ ಯಾಕುಶೊ ಅವರಿಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಶಿಬುಯಾ ವಿಭಾಗದಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳಿಂದ ವಿನ್ಯಾಸ ಮಾಡಿಸಿ ಕಟ್ಟಿದ 17 ಶೌಚಾಲಯಗಳ ಯೋಜನೆಯೇ ಚಿತ್ರಕ್ಕೆ ಪ್ರೇರಣೆ. ಶಿಗೆರು ಬಾನ್ ಅವರು ರೂಪಿಸಿದ ಎರಡಕ್ಕೆ ಬಣ್ಣದ ಗಾಜಿನ ಗೋಡೆಗಳಿವೆ. ಹೊರಗಿನಿಂದ ನೋಡಿದರೆ ಒಳಗು ಸ್ವಚ್ಛವಾಗಿದೆಯೇ, ಯಾರಾದರೂ ಇದ್ದಾರೆಯೇ ಎಂಬುದು ತಿಳಿಯುತ್ತದೆ. ಒಳಹೊಕ್ಕು ಚಿಲಕ ಹಾಕಿದೊಡನೆ ಗಾಜು ಮಸುಕಾಗುತ್ತದೆ.

ಪ್ರವಾಸದ ಪಟ್ಟಿಯಲ್ಲಿ ಶೌಚಾಲಯವೇ ಎಂದು ಮನೆಯಲ್ಲಿ ಮೊದಲು ನಕ್ಕರು. ಚಿತ್ರ ಮುಗಿದಾಗ ಯಾರೂ ನಗಲಿಲ್ಲ. ಪೀಠದ ಅಂಚಿನ ಕೆಳಭಾಗವನ್ನು ಹಿರಾಯಾಮ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸುವ ದೃಶ್ಯವೊಂದಿದೆ. ಯಾರೂ ನೋಡದ ಜಾಗವನ್ನು ಹಾಗೆ ನೋಡುವ ಮನುಷ್ಯನನ್ನು ಅವನ ಸುತ್ತಲಿನವರು ನೋಡುವುದೇ ಇಲ್ಲ. ಆ ಶೌಚಾಲಯಗಳನ್ನು ಇಂದಿಗೂ ಯಾರೋ ಹಾಗೆಯೇ ತೊಳೆಯುತ್ತಿದ್ದಾರೆ. ಹೋದವರು ಕಟ್ಟಡದೊಂದಿಗೆ ಆ ಕೆಲಸಗಾರರನ್ನೂ ಗಮನಿಸಿ, ತಲೆಬಾಗಿ, ದಾರಿಬಿಟ್ಟು ಬರಬೇಕು. ಅವರತ್ತ ಕ್ಯಾಮೆರಾ ಎತ್ತಬಾರದು.

ಕಾಮಕುರಾ: ಸದ್ದಿನ ಸಾಕ್ಷ್ಯ

ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಕೀಟಾ-ಕಾಮಕುರಾ ನಿಲ್ದಾಣ. ಯಸುಜಿರೊ ಓಜು ಅವರ ‘ಲೇಟ್ ಸ್ಪ್ರಿಂಗ್’ (1949) ಚಿತ್ರ ತೆರೆದುಕೊಳ್ಳುವುದು ಈ ಪುಟ್ಟ ನಿಲ್ದಾಣದಲ್ಲಿ. ಇಳಿದೊಡನೆ ಸಿಗುವುದು 1282ರಲ್ಲಿ ಸ್ಥಾಪಿತವಾದ ಎಂಗಾಕು-ಜಿ ಎಂಬ ಝೆನ್ ಮಠ. ಮಂಗೋಲರ ದಾಳಿಯಲ್ಲಿ ಮಡಿದವರ ಸದ್ಗತಿಗಾಗಿ ಕಟ್ಟಿಸಿದ ಮಠವಿದು. ನಮ್ಮವರು, ಶತ್ರುಗಳು ಎಂಬ ಭೇದವಿಲ್ಲದೆ ಎರಡೂ ಕಡೆಯವರಿಗಾಗಿ ಎಂಬುದು ಗಮನಾರ್ಹ. ಅದರ ಸ್ಮಶಾನದಲ್ಲಿ ಓಜು ಅವರ ಸಮಾಧಿಯಿದೆ. 1903ರ ಡಿಸೆಂಬರ್ 12ರಂದು ಹುಟ್ಟಿದ ಅವರು 1963ರ ಡಿಸೆಂಬರ್ 12ರಂದು, ಅರವತ್ತು ತುಂಬಿದ ದಿನವೇ, ತೀರಿಕೊಂಡರು. ಕಲ್ಲಿನ ಮೇಲೆ ಅವರ ಹೆಸರಿಲ್ಲ. ‘ಮು’ ಎಂಬ ಒಂದೇ ಅಕ್ಷರವಿದೆ. ‘ಇಲ್ಲ’, ‘ಶೂನ್ಯ’ ಎಂದು ಅದನ್ನು ಅರ್ಥೈಸಬಹುದು. ಅಲ್ಲಮನ ಬಯಲನ್ನು ಕೇಳಿ ಬಲ್ಲ ನಮಗೆ ಆ ಅಕ್ಷರದ ಎದುರು ಹೆಚ್ಚಿನ ವಿವರಣೆ ಬೇಕಾಗದು.

ಕಾಮಕುರಾದಿಂದ ಕಡಲತಡಿಗುಂಟ ಸಾಗುವ ‘ಎನೊದೆನ್’ ಎಂಬ ಹಳೆಯ ರೈಲುದಾರಿಯ ಉದ್ದ ಹತ್ತು ಕಿಲೋಮೀಟರ್ ಮಾತ್ರ. ಅಕಿರ ಕುರೊಸಾವ ಅವರ ‘ಹೈ ಅಂಡ್ ಲೋ’ (1963) ಚಿತ್ರದಲ್ಲಿ ಈ ರೈಲು ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಮಗುವೊಂದರ ಅಪಹರಣವಾಗಿದೆ. ಅಪಹರಣಕಾರನ ದೂರವಾಣಿ ಕರೆಯನ್ನು ಪೊಲೀಸರು ಧ್ವನಿಮುದ್ರಿಸಿಕೊಂಡಿದ್ದಾರೆ. ಮಾತಿನ ಹಿಂದೆ ಯಾವುದೋ ರೈಲಿನ ಸದ್ದು. ರೈಲ್ವೆ ನೌಕರನೊಬ್ಬ ಅದನ್ನು ಕೇಳಿ ಇದು ಎನೊದೆನ್ ಎಂದು ಗುರುತಿಸುತ್ತಾನೆ. ಅಲ್ಲಿಂದ ತನಿಖೆಗೆ ದಾರಿ ತೆರೆಯುತ್ತದೆ. ಮಕ್ಕಳನ್ನು ಆ ರೈಲಿನಲ್ಲಿ ಕೂರಿಸಿ, ಕಣ್ಣು ಮುಚ್ಚಿ ಸದ್ದನ್ನಷ್ಟೇ ಕೇಳಿಸಿಕೊಳ್ಳಿ ಎಂದು ಹೇಳುವ ಯೋಚನೆಯಿದೆ.

ಆ ಚಿತ್ರದಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಮಕ್ಕಳ ಅಪಹರಣಕ್ಕೆ ಅಂದು ಇದ್ದ ಶಿಕ್ಷೆ ತೀರ ಹಗುರವೆಂಬ ಆತಂಕ ಕುರೊಸಾವ ಅವರನ್ನು ಈ ಕಥೆಯ ಕಡೆಗೆ ಎಳೆದ ಕಾರಣಗಳಲ್ಲೊಂದು. ಚಿತ್ರ ಬಂದ ವರ್ಷವೇ ಟೋಕಿಯೋದಲ್ಲಿ ಬಾಲಕನೊಬ್ಬನ ನಿಜವಾದ ಅಪಹರಣ ಮತ್ತು ಕೊಲೆ ದೇಶವನ್ನು ನಡುಗಿಸಿತು. 1964ರಲ್ಲಿ ಜಪಾನಿನ ದಂಡಸಂಹಿತೆಗೆ ತಿದ್ದುಪಡಿಯಾಗಿ, ಒತ್ತೆಹಣಕ್ಕಾಗಿ ಮಾಡುವ ಅಪಹರಣವು ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದಾದ ಪ್ರತ್ಯೇಕ ಅಪರಾಧವಾಯಿತು.

ಇದೇ ದಾರಿಯಲ್ಲಿ ಕಾಮಕುರಾ ಪ್ರೌಢಶಾಲೆಯ ಹೆಸರಿನ ಒಂದು ನಿಲ್ದಾಣವಿದೆ: ಕಾಮಕುರಾ-ಕೋಕೋ-ಮಾಯೆ. ಪಕ್ಕದಲ್ಲೊಂದು ರೈಲ್ವೆ ಗೇಟು, ಅದರಾಚೆ ಕಡಲು. ‘ಸ್ಲ್ಯಾಮ್ ಡಂಕ್’ ಎಂಬ ಬಾಸ್ಕೆಟ್‌ಬಾಲ್ ಕಥೆಯ ಅನಿಮೇಷನ್ ಸರಣಿ 1990ರ ದಶಕದಲ್ಲಿ ಈ ಗೇಟನ್ನು ಏಷ್ಯಾದ ಮಕ್ಕಳಿಗೆಲ್ಲ ಪರಿಚಯಿಸಿತು. 2022ರ ಹೊಸ ಚಿತ್ರದ ಬಳಿಕ ಜನಸಂದಣಿ ಮತ್ತಷ್ಟು ಏರಿತು. ರೈಲು ದಾಟುವ ಕ್ಷಣವನ್ನು ಹಿಡಿಯಲೆಂದು ಪ್ರವಾಸಿಗರು ರಸ್ತೆಯ ನಡುವೆಯೇ ನಿಲ್ಲುತ್ತಾರೆ, ವಾಹನಗಳು ಕಾಯುತ್ತವೆ, ಅಕ್ಕಪಕ್ಕದ ಮನೆಯವರು ತಮ್ಮ ಬಾಗಿಲಿಗೇ ದಾರಿ ಕೇಳಬೇಕಾಗುತ್ತದೆ. ಆ ಗೇಟನ್ನು ನಿತ್ಯವೂ ದಾಟುವವರು ಶಾಲೆಗೆ ಹೋಗುವ ಮಕ್ಕಳು. ನಮ್ಮ ಮಕ್ಕಳು ತಮ್ಮ ಶಾಲೆಯ ಎದುರು ಪ್ರತಿದಿನ ಇಂಥದೊಂದು ಗುಂಪನ್ನು ಕಲ್ಪಿಸಿಕೊಳ್ಳಲಿ.

ಕಾಮಕುರಾ ನಗರಸಭೆ 2019ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿನ ನಡವಳಿಕೆಯ ಬಗೆಗೆ ಒಂದು ಕಟ್ಟಳೆ ಮಾಡಿತು. ಅದನ್ನು ಮೀರಿದವರಿಗೆ ದಂಡವಿಲ್ಲ. ದಂಡವಿಲ್ಲದ ಕಾನೂನು ಕಾನೂನೇ ಅಲ್ಲ ಎನ್ನುವವರು ನಮ್ಮಲ್ಲಿ ಬಹಳ. ಬಂದ ಅತಿಥಿಗೆ ಮರ್ಯಾದೆ ಇದೆಯೆಂದು ನಂಬಿ ಬರೆದ ಕಾನೂನು ಅದು. ಆ ನಂಬಿಕೆಯನ್ನು ಉಳಿಸುವುದು ಈಗ ಅತಿಥಿಯ ಹೊಣೆ.

ಕ್ಯೋಟೊ: ಇಲ್ಲದ ಬಾಗಿಲು

‘ರಾಶೋಮನ್’ (1950) ನೋಡದ ವಕೀಲನಿರಬಾರದು ಎಂದು ನಾನು ಕಿರಿಯರಿಗೆ ಹೇಳುವುದುಂಟು. ಕಾಡಿನಲ್ಲೊಂದು ಸಾವು. ಡಕಾಯಿತ, ಸತ್ತವನ ಹೆಂಡತಿ, ಮೈದುಂಬಿದವಳ ಬಾಯಿಯಿಂದ ಸತ್ತವನು, ಕೊನೆಗೆ ಕಟ್ಟಿಗೆಯವ. ನಾಲ್ವರದು ನಾಲ್ಕು ಹೇಳಿಕೆ. ವಿಚಾರಣೆ ನಡೆಸುವ ಅಧಿಕಾರಿಯನ್ನು ಕುರೊಸಾವ ಒಮ್ಮೆಯೂ ತೋರಿಸುವುದಿಲ್ಲ, ಅವನ ದನಿಯನ್ನೂ ಕೇಳಿಸುವುದಿಲ್ಲ. ಸಾಕ್ಷಿಗಳು ನೇರ ನಮ್ಮನ್ನೇ ನೋಡಿ ಉತ್ತರಿಸುತ್ತಾರೆ. ನ್ಯಾಯಪೀಠದಲ್ಲಿ ಕುಳಿತಿರುವವರು ಪ್ರೇಕ್ಷಕರು. 1951ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿ ಪಡೆದ ಈ ಚಿತ್ರದ ಕಥನಕ್ರಮ ಲೋಕವನ್ನೆಲ್ಲ ಸುತ್ತಿ ನಮ್ಮ ಕರಾವಳಿಗೂ ಬಂತು. ಮಲ್ಪೆಯ ಕಡಲತೀರದಲ್ಲಿ ನಡೆಯುವ ‘ಉಳಿದವರು ಕಂಡಂತೆ’ (2014) ಚಿತ್ರ ಅದೇ ಕ್ರಮದ ಕನ್ನಡ ಕೂಸು.

ಆ ಪಾಳುಬಿದ್ದ ಹೆಬ್ಬಾಗಿಲನ್ನು ನೋಡಬೇಕೆಂದು ಹೊರಟರೆ ಏನು ಸಿಗುತ್ತದೆ? ಚಿತ್ರದ ಬಾಗಿಲು ಕ್ಯೋಟೊದ ದಾಯೇಯ್ ಸ್ಟುಡಿಯೊದ ಬಯಲಿನಲ್ಲಿ ಕಟ್ಟಿದ ಸೆಟ್ಟು. ಪೂರ್ತಿ ಚಾವಣಿ ಹಾಕಿದರೆ ಕಂಬಗಳು ಭಾರ ತಾಳಲಾರವೆಂದು ಅರ್ಧ ಮುರಿದ ಚಾವಣಿಯನ್ನೇ ಇಟ್ಟರಂತೆ. ಮಸುಕಾದ ಆಕಾಶದ ಎದುರು ಮಳೆಯ ಧಾರೆ ಕಾಣಿಸದಾದಾಗ ನೀರಿಗೆ ಕಪ್ಪು ಶಾಯಿ ಬೆರೆಸಿದರು. ಇತಿಹಾಸದ ನಿಜವಾದ ಬಾಗಿಲು ನಗರದ ದಕ್ಷಿಣದ ಎಲ್ಲೆಯಲ್ಲಿತ್ತು. ಗಾಳಿಗೆ ಬಿದ್ದು, ಮತ್ತೆ ಎದ್ದು, 980ರ ಬಿರುಗಾಳಿಗೆ ಕೊನೆಯ ಬಾರಿ ಉರುಳಿತು. ಈಗ ತೋ-ಜಿ ದೇವಾಲಯದ ಪಶ್ಚಿಮಕ್ಕೆ ಕೆಲವು ನಿಮಿಷ ನಡೆದರೆ ಮಕ್ಕಳ ಪುಟ್ಟ ಆಟದ ಬಯಲಿನಲ್ಲಿ ಒಂದು ಗುರುತುಕಲ್ಲು ನಿಂತಿದೆ. ಅಷ್ಟೇ. ಲೋಕಪ್ರಸಿದ್ಧವಾದ ಬಾಗಿಲಿನ ಜಾಗದಲ್ಲಿ ಈಗ ಜಾರುಬಂಡಿ ಆಡುವ ಮಕ್ಕಳು. ನನಗೆ ಈ ಯಾತ್ರೆಯಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿರುವ ಜಾಗ ಇದೇ.

ಕಾಡಿನ ದೃಶ್ಯಗಳು ಮಾತ್ರ ನಿಜವಾದ ಕಾಡಿನವು: ಕ್ಯೋಟೊ ಹೊರವಲಯದ ಕೋಮ್ಯೋ-ಜಿ ಮಠದ ಕಾಡು ಮತ್ತು ನಾರಾ ನಗರದ ಪಕ್ಕದ ಪ್ರಾಚೀನ ಅರಣ್ಯ. ನಾರಾದ ಕಸುಗ ಬೆಟ್ಟದಲ್ಲಿ 841ರಿಂದ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಲಾಗಿದೆ. ಅಲ್ಲಿ ಚಿತ್ರತಂಡಕ್ಕೆ ಉಂಬಳಗಳ ಕಾಟ ವಿಪರೀತವಾಗಿತ್ತು. ಬೆಳಗ್ಗೆ ಹೊರಡುವ ಮುನ್ನ ಎಲ್ಲರೂ ಕತ್ತಿಗೂ ಕೈಗೂ ಕಾಲುಚೀಲಕ್ಕೂ ಉಪ್ಪು ಹಚ್ಚಿಕೊಳ್ಳುತ್ತಿದ್ದರೆಂದು ಕುರೊಸಾವ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮಳೆಗಾಲದಲ್ಲಿ ತೋಟಕ್ಕಿಳಿಯುವ ನಮ್ಮವರಿಗೆ ಆ ಮದ್ದನ್ನು ಹೇಳಿಕೊಡಬೇಕಾಗಿಲ್ಲ.

ಸೆಟ್ಟನ್ನು ಸೆಟ್ಟೆಂದೇ ತಿಳಿದು ನೋಡುವ ಸಂತೋಷವೂ ಇದೆ. ನಗರದ ಪಶ್ಚಿಮದ ಉಜುಮಾಸ, ಜಪಾನೀ ಚಿತ್ರರಂಗದ ಹಳೆಯ ಕೇರಿ. ಅಲ್ಲಿ ತೋಯೆಯ್ ಸ್ಟುಡಿಯೊ 1975ರಲ್ಲಿ ಹಳೆಗಾಲದ ಬೀದಿಗಳ ತನ್ನ ಸೆಟ್ಟುಗಳನ್ನು ಜನರಿಗೆ ತೆರೆಯಿತು. ನಗರದ ಪುಟ್ಟ ಟ್ರಾಮ್ ರೈಲಿನಲ್ಲಿ ಹೋಗಬಹುದು. ಕ್ಯಾಮೆರಾ ಎಷ್ಟು ಬೇಕಾದರೂ ತೆಗೆಯಲಿ, ಅಲ್ಲಿ ಯಾರ ಮನೆಯೂ ಇಲ್ಲ.

ಗಿಯೋನ್ ಕೇರಿಯಲ್ಲಿ ಹಾಗಲ್ಲ. ಗೇಕೊ ಮತ್ತು ಮೈಕೊ ಎಂದು ಕರೆಯಲಾಗುವ ನೃತ್ಯ, ಸಂಗೀತ ಕಲಾವಿದೆಯರು ಅಲ್ಲಿ ಸಂಜೆಯ ಹೊತ್ತು ಕೆಲಸಕ್ಕೆ ನಡೆದುಹೋಗುತ್ತಾರೆ. ಚಿತ್ರಗಳನ್ನು ನೋಡಿ ಬಂದವರು ಅವರನ್ನು ಅಟ್ಟಿಸಿಕೊಂಡು ಹೋಗಿ, ಉಡುಪನ್ನು ಜಗ್ಗಿ, ಫೋಟೊ ತೆಗೆಯುವಷ್ಟರ ಮಟ್ಟಿಗೆ ಇಳಿದರು. 2019ರಲ್ಲಿ ಅಲ್ಲಿಯ ನಿವಾಸಿಗಳ ಸಂಘವು ಖಾಸಗಿ ಓಣಿಗಳಲ್ಲಿ ಛಾಯಾಗ್ರಹಣವನ್ನು ನಿಷೇಧಿಸಿ, ಮೀರಿದರೆ 10,000 ಯೆನ್ ಎಂದು ಫಲಕ ಹಾಕಿತು. 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ತಡೆಯಿತು.

ಇದರ ಹಿಂದೆ ಒಂದು ಮುಖ್ಯ ತೀರ್ಪಿನ ನೆರಳಿದೆ, ಅದೂ ಕ್ಯೋಟೊದ ಬೀದಿಯಲ್ಲೇ ಹುಟ್ಟಿದ್ದು. 1962ರಲ್ಲಿ ಅಲ್ಲಿ ನಡೆದ ವಿದ್ಯಾರ್ಥಿಗಳ ಮೆರವಣಿಗೆಯೊಂದರಲ್ಲಿ ಪೊಲೀಸರು ಛಾಯಾಚಿತ್ರ ತೆಗೆದರು. ಪ್ರಕರಣ ಮೇಲೇರಿ 1969ರ ಡಿಸೆಂಬರ್ 24ರಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಪ್ರಕರಣದಲ್ಲಿ ಪೊಲೀಸರ ಕ್ರಮವನ್ನು ಎತ್ತಿಹಿಡಿದರೂ, ಒಪ್ಪಿಗೆಯಿಲ್ಲದೆ ತನ್ನ ಮುಖ, ರೂಪಗಳನ್ನು ಸುಮ್ಮನೆ ಸೆರೆಹಿಡಿಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆಯೆಂದು ಸಂವಿಧಾನದ 13ನೆಯ ವಿಧಿಯ ಬಲದಿಂದ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2017ರ ಆಗಸ್ಟ್ 24ರಂದು. ಆ ದಾವೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಕ್ಕು ಎರಡೂ ನಾಡಿನಲ್ಲಿ ಒಂದೇ. ಬೀದಿಯಲ್ಲಿ ನಡೆಯುವ ಹೆಣ್ಣುಮಗಳು ನಮ್ಮ ಪ್ರವಾಸದ ದೃಶ್ಯವಲ್ಲ ಎಂಬುದನ್ನು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಟ್ಟಿದ್ದೇವೆ.

ಹಿಮೇಜಿ: ಬೇರೆಯವರ ಪಾತ್ರದಲ್ಲಿ ಕೋಟೆ

ಕ್ಯೋಟೊದಿಂದ ಪಶ್ಚಿಮಕ್ಕೆ ಹೋಗುವ ದಾರಿಯಲ್ಲೇ ಹಿಮೇಜಿ ಸಿಗುತ್ತದೆ. ಬಿಳಿ ಬಕದ ಕೋಟೆ ಎಂದು ಹೆಸರಾದ ಅಲ್ಲಿಯ ಕೋಟೆಯ ಮುಖ್ಯ ಗೋಪುರ 1609ರದು. 1945ರ ವಾಯುದಾಳಿಯಲ್ಲಿ ಸುತ್ತಲಿನ ಊರು ಸುಟ್ಟರೂ ಇದು ಉಳಿಯಿತು. 1993ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಕುರೊಸಾವ ಅವರ ‘ಕಾಗೆಮುಶ’ (1980), ‘ರಾನ್’ (1985) ಚಿತ್ರಗಳಲ್ಲಿ ಈ ಕೋಟೆ ಕಾಣಿಸಿಕೊಳ್ಳುತ್ತದೆ, ಆದರೆ ತನ್ನ ಹೆಸರಿನಿಂದಲ್ಲ. ನಟರಂತೆ ಕೋಟೆಗಳೂ ವೇಷ ಹಾಕುತ್ತವೆ. ‘ಕಿಂಗ್ ಲಿಯರ್’ ನಾಟಕದಿಂದ ಪ್ರೇರಿತವಾದ ‘ರಾನ್’ನಲ್ಲಿ ಹೊತ್ತಿ ಉರಿಯುವ ಕೋಟೆ ಫೂಜಿ ಪರ್ವತದ ಇಳಿಜಾರಿನಲ್ಲಿ ಸುಡಲೆಂದೇ ಕಟ್ಟಿದ್ದು. ನಗರದಂಚಿನ ಶೋಶ ಬೆಟ್ಟಕ್ಕೆ ರೋಪ್‌ವೇಯಲ್ಲಿ ಏರಿದರೆ 966ರಲ್ಲಿ ಸ್ಥಾಪಿತವಾದ ಎಂಗ್ಯೊ-ಜಿ ಮಠ. ನ್ಯೂಜಿಲೆಂಡಿನ ಹಳ್ಳಿಯಿಂದಾಗಿ ಪಟ್ಟಿಯಿಂದ ಹೊರಬಿದ್ದಿದ್ದ ‘ದ ಲಾಸ್ಟ್ ಸಮುರಾಯ್’ ಈ ಮರದ ಮಂಟಪಗಳ ದೆಸೆಯಿಂದ ಮತ್ತೆ ಒಳಬಂತು.

ಒನೊಮಿಚಿ: ಅಪ್ಪ ಅಮ್ಮ ಉಳಿದ ಊರು

ಯಾತ್ರೆಯ ಕೊನೆಯ ಊರನ್ನು ಬೇಕೆಂದೇ ಚಿಕ್ಕದಾಗಿ ಆರಿಸಿದ್ದೇವೆ. ಹಿರೋಶಿಮಾ ಪ್ರಾಂತದ ಒನೊಮಿಚಿ, ಗುಡ್ಡ ಮತ್ತು ಕಡಲ ಕಾಲುವೆಯ ನಡುವೆ ಇಕ್ಕಟ್ಟಾಗಿ ಕುಳಿತ ಬಂದರು. ಶಿಂಕಾನ್ಸೆನ್‌ನಿಂದ ಫುಕುಯಾಮದಲ್ಲಿ ಇಳಿದು, ಸ್ಥಳೀಯ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ.

ಓಜು ಅವರ ‘ಟೋಕಿಯೋ ಸ್ಟೋರಿ’ (1953) ಆರಂಭವಾಗುವುದೂ ಮುಗಿಯುವುದೂ ಇಲ್ಲಿ. ವೃದ್ಧ ದಂಪತಿ ಟೋಕಿಯೋದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೊರಡುತ್ತಾರೆ. ಮಗ ವೈದ್ಯ, ಮಗಳಿಗೆ ಕೇಶಾಲಂಕಾರದ ಅಂಗಡಿ, ಇಬ್ಬರಿಗೂ ಪುರುಸೊತ್ತಿಲ್ಲ. ತಂದೆತಾಯಿಯನ್ನು ಅತಾಮಿಯ ಬಿಸಿನೀರ ಬುಗ್ಗೆಯ ವಸತಿಗೆ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ; ಅಲ್ಲಿ ಗದ್ದಲದಿಂದ ಆ ಹಿರಿಯರಿಗೆ ನಿದ್ದೆಯಿಲ್ಲ. ಯುದ್ಧದಲ್ಲಿ ಮಡಿದ ಮಗನ ಹೆಂಡತಿ ನೊರಿಕೊ ಒಬ್ಬಳೇ ಕೆಲಸಕ್ಕೆ ರಜೆ ಹಾಕಿ ಅವರೊಂದಿಗೆ ನಗರ ಸುತ್ತುತ್ತಾಳೆ. ಊರಿಗೆ ಮರಳಿದ ತಾಯಿ ತೀರಿಕೊಳ್ಳುತ್ತಾಳೆ. ಆ ಮುಂಜಾವಿನಲ್ಲಿ ತಂದೆ ಜೋದೊ-ಜಿ ದೇವಾಲಯದ ಅಂಗಳದಲ್ಲಿ ಒಬ್ಬನೇ ನಿಂತು ಕಡಲನ್ನು ನೋಡುತ್ತಾನೆ. ಎಪ್ಪತ್ತರ ಮುದುಕನಾಗಿ ಕಾಣುವ ನಟ ಚಿಶು ರ್ಯು ಅವರಿಗೆ ಅಂದು ಪ್ರಾಯ 49. ಇಡೀ ಚಿತ್ರದಲ್ಲಿ ಯಾರೂ ದುಷ್ಟರಲ್ಲ; ಎಲ್ಲರೂ ನಮ್ಮ ಹಾಗೆ ಕೆಲಸವುಳ್ಳವರು. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಅವರು ಮೊದಲ ಸ್ಥಾನ ಕೊಟ್ಟದ್ದು ಈ ಚಿತ್ರಕ್ಕೆ.

ನಮ್ಮ ಓದುಗರು ಗಮನಿಸಬೇಕಾದ ಇನ್ನೊಂದು ಪಾತ್ರ ಕೊನೆಯ ಮಗಳು ಕ್ಯೋಕೊ. ಅವಳು ಊರಲ್ಲೇ ಉಳಿದ ಪ್ರಾಥಮಿಕ ಶಾಲೆಯ ಶಿಕ್ಷಕಿ. ನೊರಿಕೊ ಟೋಕಿಯೋಗೆ ಮರಳುವ ಹೊತ್ತಿಗೆ ಅವಳು ತರಗತಿಯಲ್ಲಿದ್ದಾಳೆ. ಗಡಿಯಾರ ನೋಡಿ, ಕಿಟಕಿಯ ಬಳಿ ಹೋಗಿ, ಕೆಳಗೆ ಸಾಗುವ ರೈಲನ್ನು ದಿಟ್ಟಿಸುತ್ತಾಳೆ. ಹೊರಟವರ ಕಥೆಯೆಂದು ನಾವು ನೋಡುತ್ತಿದ್ದ ಚಿತ್ರ ಆ ಕಿಟಕಿಯಲ್ಲಿ ಉಳಿದವರ ಕಥೆಯೂ ಆಗುತ್ತದೆ. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮನೆಗಳು ನಮ್ಮ ಪ್ರತಿ ಗ್ರಾಮದಲ್ಲೂ ಇವೆ; ಗ್ರಾಮದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತ ಉಳಿದವರೂ ಇದ್ದಾರೆ.

ಒನೊಮಿಚಿಯಲ್ಲಿ ಅಂದಿನದು ಬಹಳಷ್ಟು ಉಳಿದಿದೆ. ಜೋದೊ-ಜಿಯ ಮೆಟ್ಟಿಲುಗಳ ಬುಡದಲ್ಲೇ ಈಗಲೂ ರೈಲು ಹಾಯುತ್ತದೆ. ಎದುರಿನ ಮುಕಾಯ್‌ಶಿಮಾ ದ್ವೀಪಕ್ಕೆ ಕೆಲವೇ ನಿಮಿಷಗಳ ಕಡವು ದೋಣಿ ಓಡಾಡುತ್ತದೆ. ಈ ಊರಲ್ಲೇ 1938ರಲ್ಲಿ ಹುಟ್ಟಿದ ನಿರ್ದೇಶಕ ನೊಬುಹಿಕೊ ಒಬಾಯಾಶಿ 1980ರ ದಶಕದಲ್ಲಿ ಇದೇ ಓಣಿಗಳಲ್ಲಿ ಮೂರು ಚಿತ್ರ ಮಾಡಿದರು; ತಮ್ಮ ಕೊನೆಯ ಚಿತ್ರ ‘ಲ್ಯಾಬಿರಿಂತ್ ಆಫ್ ಸಿನಿಮಾ’ (2019) ಚಿತ್ರೀಕರಣಕ್ಕೂ ಊರಿಗೇ ಮರಳಿ ಬಂದರು. ಹಳೆಯ ಉಗ್ರಾಣವೊಂದರಲ್ಲಿ 2000ದಿಂದ ಚಲನಚಿತ್ರ ಸಂಗ್ರಹಾಲಯವಿದೆ.

ಇಷ್ಟೆಲ್ಲ ಇದ್ದ ಊರಲ್ಲಿ ಒಂದು ಕಾಲಕ್ಕೆ ಚಿತ್ರಮಂದಿರವೇ ಇರಲಿಲ್ಲ. ಕೊನೆಯದು 2001ರಲ್ಲಿ ಮುಚ್ಚಿತು. ಯಾತ್ರಿಕರು ಬರುತ್ತಿದ್ದರು, ಫೋಟೊ ತೆಗೆದು ಹೋಗುತ್ತಿದ್ದರು; ಊರಿನ ಮಕ್ಕಳಿಗೆ ಮಾತ್ರ ತಮ್ಮ ಊರಿನ ಚಿತ್ರವನ್ನು ದೊಡ್ಡ ತೆರೆಯಲ್ಲಿ ನೋಡುವ ಭಾಗ್ಯವಿರಲಿಲ್ಲ. ಆಗ ಊರವರೇ ಸೇರಿ ಚಂದಾ ಎತ್ತಿ, ನಿಲ್ದಾಣದ ಬಳಿ ಮುಚ್ಚಿಹೋಗಿದ್ದ ಚಿತ್ರಮಂದಿರವನ್ನು 2008ರಲ್ಲಿ ಮತ್ತೆ ತೆರೆದರು. ‘ಸಿನಿಮಾ ಒನೊಮಿಚಿ’ ಎಂದು ಅದರ ಹೆಸರು. ಯಾತ್ರೆಯ ಕೊನೆಯ ಸಂಜೆ ಅಲ್ಲಿ ಟಿಕೇಟು ಕೊಂಡು, ಭಾಷೆ ತಿಳಿಯದಿದ್ದರೂ, ಯಾವ ಚಿತ್ರವಿದ್ದರೂ ನೋಡುವುದೆಂದು ಗೊತ್ತುಮಾಡಿದ್ದೇವೆ. ಒಂದು ಊರು ನಮಗೆ ಇಷ್ಟು ಕೊಟ್ಟಮೇಲೆ ಅದರ ಗಲ್ಲಾಪೆಟ್ಟಿಗೆಗೆ ನಮ್ಮದೂ ನಾಲ್ಕು ಟಿಕೇಟಿನ ಹಣ ಸೇರಲಿ.

ವಿಮಾನದ ಖರ್ಚು ಎಲ್ಲ ಮನೆಗಳಿಗೂ ಎಟುಕುವಂಥದ್ದಲ್ಲ. ನಮ್ಮ ಮನೆಯಲ್ಲೂ ಅದಕ್ಕೆ ಮೂರು ವರ್ಷಗಳ ಉಳಿತಾಯ ಹಿಡಿಯಿತು. ಆದರೆ ಈ ಯಾತ್ರೆಯ ಮೊದಲ ಅರ್ಧಕ್ಕೆ ಪಾಸ್‌ಪೋರ್ಟು ಬೇಡ. ಶನಿವಾರ ಸಂಜೆ ಶಾಲೆಯ ಸಭಾಂಗಣದಲ್ಲೋ ಗ್ರಂಥಾಲಯದಲ್ಲೋ ‘ಟೋಕಿಯೋ ಸ್ಟೋರಿ’ಯನ್ನು ಮಕ್ಕಳೂ ಹಿರಿಯರೂ ಕೂಡಿ ನೋಡಬಹುದು. ಗೋಡೆಯ ಮೇಲೊಂದು ನಕ್ಷೆ ತೂಗಿಸಿ, ಆ ಮೂರು ಪ್ರಶ್ನೆಗಳನ್ನು ಕೇಳಬಹುದು. ಚಿತ್ರ ಮುಗಿದ ಮೇಲೆ ಊರಲ್ಲಿ ಉಳಿದ ಅಜ್ಜ ಅಜ್ಜಿಗೆ ಒಂದು ಫೋನು ಮಾಡಿದರೆ, ಓಜು ಅವರ ಒನೊಮಿಚಿಗೆ ಹೋಗಿಬಂದಂತೆಯೇ.